ನಾಲ್ಕು ಕುದುರೆ, ಒಂದು ಲೆಕ್ಕ: ಬೆಳಗಾವಿ ಸೀಮೆಯಿಂದ ಶೋ ಜಂಪಿಂಗ್ ತಂಡ ಕಟ್ಟಿಕೊಂಡು ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಜಾತ್ರೆಯ ಕುದುರೆ ಗಾಡಿ ಶರ್ಯತ್ತಿನಲ್ಲಿ ಗುರಿ ಮೊದಲು ಮುಟ್ಟಿದ ಗಾಡಿ ಗೆಲ್ಲುತ್ತದೆ. ಕೋಲಿನ ಅಡೆತಡೆಗಳನ್ನು ಸವಾರರು ಕುದುರೆಯಿಂದ ಒಂದೊಂದಾಗಿ ಹಾರಿಸುವ ಶೋ ಜಂಪಿಂಗ್ ತಂಡ ಸ್ಪರ್ಧೆಯಲ್ಲಿ ಗೆಲ್ಲುವುದು ಕಡಿಮೆ ತಪ್ಪು ಮಾಡಿದ ತಂಡ. ಈ ಮಾತು ತಲೆಯಲ್ಲಿ ಗಟ್ಟಿಯಾಗಿ ಕೂತರೆ ಕುದುರೆ ಆರಿಸುವುದು, ಮೇವು ಹಾಕುವುದು, ಲಾರಿ ಹತ್ತಿಸುವುದು, ಸವಾರರ ಸರದಿ ಹಾಕುವುದು ಎಲ್ಲವೂ ಬೇರೆಯಾಗುತ್ತವೆ. ನಾಲ್ಕೈದು ಕುದುರೆ ಇಟ್ಟುಕೊಂಡು 90 ಸೆಂ.ಮೀ.ನಿಂದ 1.10 ಮೀಟರ್ ಎತ್ತರದ ವರ್ಗಗಳಲ್ಲಿ ಬೆಂಗಳೂರಿಗೋ ಪುಣೆಗೋ ಹೋಗಬೇಕೆಂದಿರುವ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸವಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇವೆ.

ಮೊದಲು ಪೆನಾಲ್ಟಿಯ ಲೆಕ್ಕ

ಕೋಲು ಬಿದ್ದರೆ 4 ಪೆನಾಲ್ಟಿ. ಕುದುರೆ ಅಡೆತಡೆಯ ಮುಂದೆ ನಿಂತರೆ ಅಥವಾ ಪಕ್ಕಕ್ಕೆ ಜಾರಿಕೊಂಡರೆ ಮೊದಲ ಸಲಕ್ಕೆ 4. ಅಂತಾರಾಷ್ಟ್ರೀಯ ನಿಯಮದಲ್ಲಿ ಎರಡನೇ ಸಲಕ್ಕೆ ಸುತ್ತಿನಿಂದಲೇ ಹೊರಗೆ. ಮಕ್ಕಳ ಮತ್ತು ಹೊಸಬರ ವರ್ಗಗಳಲ್ಲಿ ಕೆಲವೆಡೆ ಮೂರನೇ ಸಲದವರೆಗೆ ಬಿಡುತ್ತಾರೆ. ಸವಾರನಾಗಲಿ ಕುದುರೆಯಾಗಲಿ ನೆಲಕ್ಕೆ ಬಿದ್ದರೆ ಸುತ್ತು ಅಲ್ಲಿಗೆ ಮುಗಿಯಿತು. ನಿಗದಿತ ಸಮಯ ಮೀರಿದರೂ ಪೆನಾಲ್ಟಿ ಬೀಳುತ್ತದೆ. ಅದು ಸೆಕೆಂಡಿಗೊಂದೋ 4 ಸೆಕೆಂಡಿಗೊಂದೋ ಎಂಬುದನ್ನು ಆ ಸ್ಪರ್ಧೆಯ ನಿಯಮ ಪುಸ್ತಿಕೆಯಲ್ಲಿ ಮೊದಲೇ ಓದಿಕೊಳ್ಳಿ.

ತಂಡದಲ್ಲಿ ಸಾಮಾನ್ಯವಾಗಿ ನಾಲ್ವರು ಸವಾರರು. ಅತಿ ಕೆಟ್ಟ ಸುತ್ತನ್ನು ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ. ಒಂದು ತಂಡದ ನಾಲ್ಕು ಸುತ್ತು 0, 0, 16 ಮತ್ತು ಹೊರಗೆ ಎಂದುಕೊಳ್ಳಿ. ಒಟ್ಟು 16. ಇನ್ನೊಂದು ತಂಡದ್ದು 4, 4, 4, 8. ಒಟ್ಟು 12. ಎರಡು ನಿರ್ದೋಷ ಸುತ್ತು ಹಾರಿಸಿ ಚಪ್ಪಾಳೆ ಗಿಟ್ಟಿಸಿದ ತಂಡ ಹಿಂದೆ ಬಿತ್ತು; ಒಂದೇ ಒಂದು ನಿರ್ದೋಷ ಸುತ್ತೂ ಇಲ್ಲದ ತಂಡ ಮುಂದೆ ಹೋಯಿತು. ಕೆಲವು ಸ್ಪರ್ಧೆಗಳಲ್ಲಿ ಮೂವರೇ ಇರುತ್ತಾರೆ, ಮೂವರದ್ದೂ ಲೆಕ್ಕಕ್ಕೆ ಬರುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಿಂದ ಈ ಪದ್ಧತಿ ಬಂದಿದೆ. ಅಲ್ಲಿ ಒಂದು ಕುದುರೆ ಹಟ ಹಿಡಿದು ನಿಂತರೆ ತಂಡವೇ ಮನೆಗೆ.

ಆದ್ದರಿಂದ ತಂಡಕ್ಕೆ ಬೇಕಾದದ್ದು ದಿನ ನೋಡಿ ಹಾರುವ ಚೆಂದದ ಕುದುರೆ ಅಲ್ಲ, ದಿನಾ ಒಂದೇ ಥರ ಹಾರುವ ಕುದುರೆ.

ಕುದುರೆ ಆರಿಸುವಾಗ

ನಮ್ಮ ಕಡೆ ಸುಲಭವಾಗಿ ಸಿಗುವುದು ರೇಸ್ ಬಿಟ್ಟು ಬಂದ ಥರೋಬ್ರೆಡ್. ಬೆಂಗಳೂರು, ಪುಣೆಯ ರೇಸ್ ಲಾಯಗಳಿಂದ ನಾಲ್ಕೈದು ವರ್ಷಕ್ಕೇ ಹೊರಬೀಳುತ್ತವೆ. ಧೈರ್ಯ ಇದೆ, ಉದ್ದ ಹೆಜ್ಜೆ ಇದೆ. ಆದರೆ ಲಗಾಮು ಹಿಡಿದಷ್ಟೂ ಮುಂದೆ ನುಗ್ಗಬೇಕೆಂದು ಕಲಿತು ಬಂದಿರುತ್ತದೆ, ಒಂದೇ ದಿಕ್ಕಿಗೆ ತಿರುಗಿ ಓಡಿದ ರೂಢಿ ಬೇರೆ. ಇದನ್ನು ಬಿಡಿಸಲು ಆರು ತಿಂಗಳಾದರೂ ಬೇಕು. ಮೊದಲ ಎರಡು ತಿಂಗಳು ಹಾರಿಸುವ ಮಾತೇ ಬೇಡ, ಬರೀ ನಡಿಗೆ, ಟ್ರಾಟ್ (ಕುಕ್ಕುಲೋಟ), ದೊಡ್ಡ ವೃತ್ತಗಳು. ಮಾರವಾಡಿ, ಕಾಠಿಯಾವಾಡಿ ಕುದುರೆಗಳು ಚುರುಕು, ಬಿಸಿಲಿಗೆ ಜಗ್ಗುವುದಿಲ್ಲ, ಹೆಜ್ಜೆ ಗಿಡ್ಡ. ಅವನ್ನೂ ತಂಡದಲ್ಲಿ ಸೇರಿಸಬಹುದು, ಆದರೆ ಅಡೆತಡೆಗಳ ನಡುವಿನ ಲೆಕ್ಕವನ್ನು ಅವಕ್ಕೆ ಬೇರೆಯೇ ಹಾಕಬೇಕು.

ಖರೀದಿಗೆ ಮೊದಲು ಮುಂಗಾಲಿನ ಹಿಂಬದಿಯ ನರದ ಮೇಲೆ, ಅಂದರೆ ಟೆಂಡನ್ ಮೇಲೆ, ಮೊಣಕಾಲಿನಿಂದ ಕೆಳಗಿನವರೆಗೂ ಎರಡು ಬೆರಳು ಒತ್ತಿ ಇಳಿಸಿ. ಬಿಸಿ, ಗಂಟು, ಮಿಡುಕುವ ಜಾಗ ಸಿಕ್ಕರೆ ಬಿಟ್ಟುಬಿಡಿ, ಎಷ್ಟು ಅಗ್ಗವಿದ್ದರೂ. ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್ ಮಾಡಿಸಿ ನೋಡಿ. ಮುಂಗಾಲು ಕುಂಟಿದರೆ ನೋವಿಲ್ಲದ ಕಾಲು ಊರುವಾಗ ತಲೆ ಕೆಳಗೆ ಹೋಗುತ್ತದೆ. ಸವಾರನಿಲ್ಲದೆ ಒಂದೆರಡು ಸಣ್ಣ ಅಡೆತಡೆ ಹಾರಿಸಿದಾಗ ಕೋಲು ಮುಟ್ಟಿದ ಮೇಲೆ ಮುಂದಿನ ಸಲ ಕಾಲು ಎತ್ತಿ ಮಡಚುವ ಕುದುರೆಯನ್ನು ಕೊಳ್ಳಿ. ಮುಟ್ಟಿದರೂ ಪರವಾಗಿಲ್ಲ ಅನ್ನುವ ಹಾಗೆ ಹಾರುವುದನ್ನು ಯಾರೂ ತಿದ್ದಲಾರರು.

ನಾಲ್ಕಕ್ಕೆ ಒಂದು ಹೆಚ್ಚು, ಐದು ಕುದುರೆ ತಯಾರು ಮಾಡಿ. ಯಾವ ನಾಲ್ಕು ಹಾರಬೇಕು, ಯಾವುದು ಮೀಸಲು ಎಂಬುದನ್ನು ನೋಟ್‌ಬುಕ್ ತೀರ್ಮಾನಿಸಲಿ: ಪ್ರತಿ ಕುದುರೆಯ ಕೊನೆಯ ಹತ್ತು ಪೂರ್ಣ ಸುತ್ತುಗಳ ಪೆನಾಲ್ಟಿ ಬರೆದಿಡಿ, ಕೋಲು ಮುಂಗಾಲಿಗೆ ಬಿತ್ತೋ ಹಿಂಗಾಲಿಗೆ ಬಿತ್ತೋ ಎಂಬುದನ್ನೂ.

ಮೈದಾನ ಮತ್ತು ಕೋಲುಗಳು

ವಿಜಯಪುರ, ಬಾಗಲಕೋಟೆಯ ಎರೆ ಭೂಮಿ ಜೋಳಕ್ಕೆ ಬಂಗಾರ, ಕುದುರೆಯ ಕಾಲಿಗೆ ವೈರಿ. ಮಳೆ ಬಿದ್ದರೆ ಲಾಳ ಕೀಳುವಷ್ಟು ಅಂಟು, ಬೇಸಿಗೆಗೆ ಗೊರಸು ಸಿಕ್ಕಿಬೀಳುವಷ್ಟು ಬಿರುಕು. ಅದರ ಮೇಲೆ ನೇರವಾಗಿ ಮರಳು ಹಾಕಿದರೆ ಒಂದು ಮಳೆಗಾಲಕ್ಕೆ ಮರಳು ಒಳಗೆ ಇಳಿದು ಹೋಗುತ್ತದೆ. ಮೇಲಿನ ಒಂದು ಅಡಿ ಎರೆಮಣ್ಣು ತೆಗೆಸಿ, ಗರಸು ತುಂಬಿಸಿ, ನೀರು ಹೊಡೆದು ರೋಲರ್ ಓಡಿಸಿ 15 ಸೆಂ.ಮೀ. ಗಟ್ಟಿ ಪದರ ಮಾಡಿ. 100 ಅಡಿಗೆ ಒಂದೂವರೆ ಅಡಿಯಷ್ಟು ಇಳಿಜಾರು ಇರಲಿ, ನೀರು ನಿಲ್ಲಬಾರದು. ಅದರ ಮೇಲೆ 7–8 ಸೆಂ.ಮೀ. ಮರಳು ಸಾಕು. ಹೆಚ್ಚು ಮೆತ್ತಗಿದ್ದರೆ ಒಳ್ಳೆಯದೆಂದು 15 ಸೆಂ.ಮೀ. ಸುರಿದವರ ಕುದುರೆಗಳಿಗೇ ಟೆಂಡನ್ ಊತ ಹೆಚ್ಚು, ಏಕೆಂದರೆ ಆಳ ಮರಳಿನಿಂದ ಗೊರಸು ಕಿತ್ತು ನೆಗೆಯುವಾಗ ಎಳೆತವೆಲ್ಲ ಹಿಂಬದಿಯ ನರಕ್ಕೇ ಬೀಳುತ್ತದೆ. ಬೆಳಗಾವಿ ಸುತ್ತಿನ ಕೆಂಪು ನೆಲದಲ್ಲಿ ಈ ಪಾಡು ಕಡಿಮೆ. ಕಲ್ಲು ಆರಿಸಿ, ಮೇಲ್ಪದರ ಸಡಿಲಿಸಿ, ದಿನಾ ನೀರು ಹೊಡೆದರೆ ಆಯಿತು. ಅಳತೆ 60 ಮೀಟರ್ ಉದ್ದ, 30 ಮೀಟರ್ ಅಗಲ ಇದ್ದರೆ ಅಭ್ಯಾಸಕ್ಕೆ ಸಾಲುತ್ತದೆ.

ಕೋಲುಗಳಿಗೆ ನೀಲಗಿರಿ ಗಳ ಚೆನ್ನಾಗಿ ನಡೆಯುತ್ತದೆ: 3.5 ಮೀಟರ್ ಉದ್ದ, 10 ಸೆಂ.ಮೀ. ದಪ್ಪ, ಸಿಪ್ಪೆ ತೆಗೆದು ನೆರಳಲ್ಲಿ ಒಣಗಿಸಿದ್ದು. 60 ಸೆಂ.ಮೀ.ಗೊಂದು ಪಟ್ಟಿಯಂತೆ ಕೆಂಪು ಬಿಳಿ ಬಣ್ಣ ಹೊಡೆಯಿರಿ. ಇಪ್ಪತ್ತು ಕೋಲು, ಎಂಟರಿಂದ ಹತ್ತು ಜೊತೆ ಸ್ಟ್ಯಾಂಡ್ ಇದ್ದರೆ ಚಿಕ್ಕದೊಂದು ಕೋರ್ಸ್, ಅಂದರೆ ಅಡೆತಡೆಗಳ ಒಂದು ಪೂರ್ಣ ಸುತ್ತು, ಕಟ್ಟಬಹುದು. ಪಿವಿಸಿ ಪೈಪ್ ಬೇಡ. ಮುಟ್ಟಿದರೂ ಕಾಲಿಗೆ ತಾಕಿದ್ದೇ ಗೊತ್ತಾಗದೆ ಕುದುರೆ ಕಾಲು ಎತ್ತುವುದನ್ನು ಬಿಡುತ್ತದೆ, ಮುರಿದರೆ ತುದಿ ಚಾಕುವಿನಂತಿರುತ್ತದೆ.

ಕೋಲು ಕೂರುವ ಕಪ್ ಬಗ್ಗೆ ಒಂದು ಮಾತು. ಸ್ಪರ್ಧೆಯಲ್ಲಿ ಅದರ ಆಳ 18–20 ಮಿ.ಮೀ. ಮಾತ್ರ, ಅಂದರೆ ನಿಮ್ಮ ಹೆಬ್ಬೆರಳಿನ ಅಗಲಕ್ಕಿಂತ ಹೆಚ್ಚಿಲ್ಲ. ಗೊರಸು ಸವರಿದರೂ ಕೋಲು ಉರುಳಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವಾಗ ಅರ್ಧ ಪೈಪನ್ನೇ ಕತ್ತರಿಸಿ ಬೆಸೆದು ಕೊಡುತ್ತಾರೆ. ಅದರಲ್ಲಿ ಕೋಲು ಅರ್ಧ ಮುಳುಗಿ ಕೂರುತ್ತದೆ, ಕುದುರೆಯ ಕಾಲು ಸಿಕ್ಕರೆ ಕೋಲಿನ ಬದಲು ಕುದುರೆ ಉರುಳುತ್ತದೆ. ಹಿಂದೆ ಮುಂದೆ ಎರಡು ಸಾಲು ಕೋಲಿರುವ ಆಕ್ಸರ್‌ನ ಹಿಂದಿನ ಕೋಲಿಗಂತೂ ಭಾರ ಬಿದ್ದೊಡನೆ ಕಳಚುವ ಸೇಫ್ಟಿ ಕಪ್ಪೇ ಬೇಕು. ಖಾಲಿ ಕಪ್‌ಗಳನ್ನು ಸ್ಟ್ಯಾಂಡಿನಲ್ಲಿ ಬಿಡಬೇಡಿ. ಬಿದ್ದ ಸವಾರನಿಗೆ ಚುಚ್ಚುವುದು ಅವೇ.

ಮೇವು

450 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ ಒಣ ಲೆಕ್ಕದಲ್ಲಿ 9–11 ಕೆ.ಜಿ. ಆಹಾರ ಬೇಕು. ಅದರಲ್ಲಿ ಕನಿಷ್ಠ 7 ಕೆ.ಜಿ. ಹುಲ್ಲೇ ಇರಲಿ. ಕಾಳು ಒಮ್ಮೆಗೆ 2 ಕೆ.ಜಿ. ದಾಟಬಾರದು, ಮೂರು ಹೊತ್ತು ಹಂಚಿ ಕೊಡಿ. ಓಟ್ಸ್ ಅಥವಾ ಬಾರ್ಲಿಯ ಜೊತೆ ಬೇಯಿಸಿದ ಹುರಳಿ 1 ಕೆ.ಜಿ., ಗೋಧಿ ಬೂಸಾ ಅರ್ಧ ಕೆ.ಜಿ., ಉಪ್ಪು 30 ಗ್ರಾಂ. ಬೇಸಿಗೆಗೆ ಉಪ್ಪು 60 ಗ್ರಾಂವರೆಗೆ.

ನಮ್ಮ ಕಡೆಯ ಮೂರು ಅಪಾಯಗಳನ್ನು ಕುದುರೆ ನೋಡಿಕೊಳ್ಳುವ ಸೈಸ್‌ಗೆ ಬಾಯಿಪಾಠ ಮಾಡಿಸಿ. ಒಂದು, ಎಳೆ ಜೋಳ. ದನಕ್ಕೆ ವಿಷವಾಗುತ್ತದೆಂದು ರೈತರಿಗೆಲ್ಲ ಗೊತ್ತು. ಕುದುರೆಗೆ ಹಸಿ ಜೋಳವನ್ನು ದಿನಗಟ್ಟಲೆ ಮೇಯಿಸಿದರೆ ಮೂತ್ರಕೋಶ ಕೆಟ್ಟು ಹಿಂಗಾಲು ತೂರಾಡುತ್ತದೆ. ಒಣ ಕಣಿಕೆ ವಿಷವಲ್ಲ, ಆದರೆ ಒರಟು. ಕತ್ತರಿಸಿ, ಬೇರೆ ಹುಲ್ಲಿನ ಜೊತೆ ಕೊಡಿ, ಬರೀ ಅದನ್ನೇ ಹಾಕಿದರೆ ಕರುಳಲ್ಲಿ ಗಟ್ಟಿಯಾಗಿ ಹೊಟ್ಟೆಶೂಲೆ. ಎರಡು, ಬೂಸ್ಟು ಹಿಡಿದ ಗೋವಿನಜೋಳ. ಅದರ ಶಿಲೀಂಧ್ರದ ವಿಷ ಕುದುರೆಯ ಮೆದುಳನ್ನೇ ಕರಗಿಸುತ್ತದೆ, ಚಿಕಿತ್ಸೆ ಇಲ್ಲ. ಮೂರು, ಕೋಳಿ ಆಹಾರ ಮತ್ತು ಕೆಲವು ದನದ ಫೀಡು. ಅವುಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯಕ್ಕೆ ಮಾರಕ. ಒಂದೇ ಸಲಿಕೆಯಲ್ಲಿ ಎರಡೂ ಚೀಲದಿಂದ ತೆಗೆಯುವುದೂ ಬೇಡ.

ಬಿಡುವಿನ ದಿನ ಕಾಳು ಅರ್ಧಕ್ಕೆ ಇಳಿಸಿ. ಕೆಲಸವಿಲ್ಲದೆ ಪೂರ್ತಿ ಕಾಳು ತಿಂದ ಕುದುರೆ ಮರುದಿನ ಹೊರಟ ಹದಿನೈದು ನಿಮಿಷಕ್ಕೆ ಸೊಂಟದ ಸ್ನಾಯು ಕಲ್ಲಾಗಿ ನಿಲ್ಲುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆಗ ಒಂದು ಹೆಜ್ಜೆಯೂ ನಡೆಸದೆ ನಿಂತಲ್ಲಿಗೇ ಪಶುವೈದ್ಯರನ್ನು ಕರೆಸಬೇಕು.

ಹನ್ನೆರಡು ವಾರದ ಅಭ್ಯಾಸ

ಸ್ಪರ್ಧೆಯ ಹಂಗಾಮು ನಮ್ಮಲ್ಲಿ ಅಕ್ಟೋಬರಿನಿಂದ ಮಾರ್ಚ್. ಅಂದರೆ ಮಳೆಗಾಲದ ನಡುವೆಯೇ ಕೆಲಸ ಶುರುವಾಗಬೇಕು. ಮೊದಲ ನಾಲ್ಕು ವಾರ ಉಸಿರು ಮತ್ತು ಸ್ನಾಯು ಕಟ್ಟುವುದು: ದಿನಕ್ಕೆ 45 ನಿಮಿಷ, ವಾರಕ್ಕೆ ಆರು ದಿನ, ಅದರಲ್ಲಿ ಎರಡು ದಿನ ಮೈದಾನ ಬಿಟ್ಟು ಹೊಲದ ದಾರಿ, ಏರು ತಗ್ಗು. ನೆಲದ ಮೇಲೆ 1.3 ಮೀಟರ್ ಅಂತರದಲ್ಲಿ ಐದು ಕೋಲು ಹಾಸಿ ಟ್ರಾಟ್‌ನಲ್ಲಿ ದಾಟಿಸಿ.

ಐದನೇ ವಾರದಿಂದ ಗ್ರಿಡ್, ಅಂದರೆ ಅಳೆದ ಅಂತರದಲ್ಲಿ ಸಾಲಾಗಿ ಇಟ್ಟ ಅಡೆತಡೆಗಳು. ಇದನ್ನು ಅಳತೆ ಟೇಪ್ ಹಿಡಿದೇ ಕಟ್ಟಿ: ನೆಲದ ಕೋಲು, ಅಲ್ಲಿಂದ 2.7 ಮೀಟರ್‌ಗೆ 50 ಸೆಂ.ಮೀ. ಎತ್ತರದ ಅಡ್ಡಗತ್ತರಿ ಕೋಲು, ಅಲ್ಲಿಂದ 5.5 ಮೀಟರ್‌ಗೆ 70 ಸೆಂ.ಮೀ. ವರ್ಟಿಕಲ್ (ಒಂದೇ ಸಾಲಿನ ಅಡೆತಡೆ), ಅಲ್ಲಿಂದ 6.4 ಮೀಟರ್‌ಗೆ 80 ಸೆಂ.ಮೀ. ಆಕ್ಸರ್. ಟ್ರಾಟ್‌ನಲ್ಲಿ ಒಳಗೆ ಬಂದ ಕುದುರೆಗೆ ಅಡೆತಡೆಗಳ ನಡುವಿನ ಪ್ರತಿ ಅಂತರದಲ್ಲಿ ಟ್ರಾಟ್‌ಗಿಂತ ಜೋರಿನ ಕ್ಯಾಂಟರ್ ಓಟದ ಒಂದೊಂದು ಹೆಜ್ಜೆ ಬರುತ್ತದೆ. ಅಂತರವೇ ಕುದುರೆಗೆ ಕಾಲೆತ್ತುವ ಜಾಗ ತೋರಿಸುವುದರಿಂದ ಸವಾರ ಲಗಾಮು ಎಳೆದಾಡುವ ಅಗತ್ಯವಿಲ್ಲ. ಕೈ ಜೂಲಿನ ಮೇಲೆ, ಹಿಮ್ಮಡಿ ಕೆಳಗೆ, ಕಣ್ಣು ಮುಂದೆ. ಗಿಡ್ಡ ಹೆಜ್ಜೆಯ ಕುದುರೆಗೆ ಪ್ರತಿ ಅಂತರವನ್ನು 20–30 ಸೆಂ.ಮೀ. ಕಡಿಮೆ ಮಾಡಿ. ಒಂದು ದಿನಕ್ಕೆ 25–30 ನೆಗೆತ ಸಾಕು. ದಣಿದ ಕುದುರೆ ಕಾಲು ಮಡಚುವುದಿಲ್ಲ, ಅದನ್ನೇ ರೂಢಿ ಮಾಡಿಕೊಳ್ಳುತ್ತದೆ.

ಒಂಬತ್ತನೇ ವಾರದಿಂದ ವಾರಕ್ಕೊಂದು ಪೂರ್ಣ ಕೋರ್ಸ್, ಸ್ಪರ್ಧೆಯ ಎತ್ತರಕ್ಕಿಂತ 10 ಸೆಂ.ಮೀ. ಕೆಳಗೆ. ಸ್ಪರ್ಧೆಯ ಎತ್ತರವನ್ನು ಮನೆಯಲ್ಲಿ ಎರಡು ಮೂರು ಸಲ ಮಾತ್ರ ಹಾರಿಸಿ. ಅದರ ಬದಲು ಹೊಸ ನೋಟಗಳನ್ನು ರೂಢಿ ಮಾಡಿಸಿ: ಅಡೆತಡೆಯ ಕೆಳಗೆ ನೀಲಿ ತಾಡಪತ್ರಿ, ಪಕ್ಕದಲ್ಲಿ ಹೂಕುಂಡ, ಬಣ್ಣದ ಹಲಗೆ, ದೂರದಲ್ಲಿ ಸ್ಪೀಕರ್. ನಿಲ್ಲುವ ಕುದುರೆಗಳಲ್ಲಿ ಹೆಚ್ಚಿನವು ಎತ್ತರಕ್ಕೆ ಹೆದರಿದವಲ್ಲ, ಕಾಣದ್ದು ಕಂಡು ಹೆದರಿದವು.

ತಂಡವಾಗಿ ಮಾಡಬೇಕಾದ ಅಭ್ಯಾಸವೂ ಇದೆ. ಒಟ್ಟಿಗೆ ಇರುವ ಕುದುರೆಗಳು ಒಂದನ್ನೊಂದು ಬಿಟ್ಟಿರಲಾರವು. ಜೊತೆಗಾರ ಹೊರಗೆ ಕೆನೆದರೆ ಒಳಗಿನ ಕುದುರೆ ಗೇಟಿನ ಕಡೆಗೇ ಎಳೆಯುತ್ತದೆ. ಎಂಟು ವಾರ ಮೊದಲಿನಿಂದಲೇ ಒಂದೊಂದನ್ನೇ ಬೇರೆ ಮಾಡಿ, ಒಂಟಿಯಾಗಿ ಮೈದಾನಕ್ಕೆ ತನ್ನಿ. ಲಾಯದಲ್ಲಿ ನಿಲ್ಲಿಸುವ ಜಾಗಗಳನ್ನೂ ಅದಲುಬದಲು ಮಾಡುತ್ತಿರಿ.

ಲಾಳ ಐದಾರು ವಾರಕ್ಕೊಮ್ಮೆ. ಸ್ಪರ್ಧೆಗೆ 7–10 ದಿನ ಮೊದಲು ಮುಗಿದಿರಬೇಕು. ಮುನ್ನಾದಿನ ಲಾಳ ಹೊಡೆಸಿ, ಮೊಳೆಯೊಂದು ಮೃದು ಭಾಗಕ್ಕೆ ಹತ್ತಿರ ಹೋದರೆ ಕುಂಟುವುದು ಸ್ಪರ್ಧೆಯ ಬೆಳಿಗ್ಗೆಯೇ.

ಕಾಗದ ಪತ್ರ ಮತ್ತು ಔಷಧ

ಸವಾರರೂ ಕುದುರೆಗಳೂ ಭಾರತೀಯ ಈಕ್ವೆಸ್ಟ್ರಿಯನ್ ಫೆಡರೇಶನ್‌ನಲ್ಲಿ ನೋಂದಣಿಯಾಗಿರಬೇಕು. ಕುದುರೆಯ ಗುರುತು ಪುಸ್ತಕದಲ್ಲಿ ಧನುರ್ವಾಯು ಮತ್ತು ಇನ್‌ಫ್ಲುಯೆಂಜಾ ಲಸಿಕೆಯ ದಿನಾಂಕ ಪಶುವೈದ್ಯರ ಸಹಿಯೊಂದಿಗೆ ಇರಲಿ. ಗ್ಲಾಂಡರ್ಸ್ ಪರೀಕ್ಷೆಯನ್ನು ಹಗುರಾಗಿ ನೋಡಬೇಡಿ. ಇದು ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗ. ದೃಢಪಟ್ಟ ಕುದುರೆಗೆ ಚಿಕಿತ್ಸೆ ಕೊಡುವುದಿಲ್ಲ, ಕಾನೂನಿನಂತೆ ದಯಾಮರಣ. ರಕ್ತದ ಮಾದರಿಯನ್ನು ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಪರೀಕ್ಷಿಸುತ್ತದೆ. ಮಾದರಿ ಹೋಗಿ ವರದಿ ಬರುವುದಕ್ಕೆ ಸಮಯ ಹಿಡಿಯುವುದರಿಂದ ಒಂದೂವರೆ ತಿಂಗಳು ಮೊದಲೇ ತಾಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಪುಣೆ ಕಡೆ ಹೋಗುವವರು ರಾಜ್ಯದ ಗಡಿ ದಾಟುತ್ತೀರಿ. ಸರ್ಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಲಾರಿಯ ಡ್ಯಾಶ್‌ಬೋರ್ಡಿನಲ್ಲೇ ಇರಲಿ, ಮೂರು ನಕಲು.

ನಿಷೇಧಿತ ಪದಾರ್ಥದ ವಿಷಯದಲ್ಲಿ ಮನೆಮದ್ದೂ ತಂಡವನ್ನು ಮುಳುಗಿಸುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಜಂಪಿಂಗ್ ಕುದುರೆಗಳಲ್ಲಿ ಕ್ಯಾಪ್ಸೈಸಿನ್ ಸಿಕ್ಕಿತು. ಅದು ಬೇರೇನಲ್ಲ, ಮೆಣಸಿನಕಾಯಿಯ ಖಾರ. ಒಂದು ಕುದುರೆಯ ಫಲಿತಾಂಶ ರದ್ದಾದ ಕಾರಣ ನಾರ್ವೆ ತಂಡ ತನ್ನ ಕಂಚಿನ ಪದಕವನ್ನೇ ಕಳೆದುಕೊಂಡಿತು. ಖಾರ ಚರ್ಮವನ್ನು ಉರಿಸುವುದರಿಂದ ಕೋಲು ತಾಕಿದರೆ ನೋವು ಹೆಚ್ಚು, ಅದಕ್ಕೇ ನಿಷೇಧ. ನೋವಿನ ಎಣ್ಣೆಗಳಲ್ಲಿ ಇದು ಸಾಮಾನ್ಯ. ಹಾಗಾಗಿ ಡಬ್ಬಿಯ ಮೇಲೆ ಏನಿದೆ ಎಂದು ಓದದೆ ಕಾಲಿಗೆ ಏನನ್ನೂ ಹಚ್ಚಬೇಡಿ. ಸೈಸ್ ಚಹಾ ಕುಡಿದು ಮಿಕ್ಕಿದ್ದನ್ನು ಬಕೆಟ್ಟಿಗೆ ಸುರಿದರೂ ಕೆಫೀನ್ ಸಿಕ್ಕಿಬೀಳುತ್ತದೆ.

ಲಾರಿಯಲ್ಲಿ

ಬೆಳಗಾವಿಯಿಂದ ಬೆಂಗಳೂರಿಗೆ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 500 ಕಿ.ಮೀ. ವಿಜಯಪುರದವರು 50ನೇ ಹೆದ್ದಾರಿ ಹಿಡಿದು ಹೊಸಪೇಟೆ, ಚಿತ್ರದುರ್ಗದ ಮೇಲೆ ಹೋಗಬೇಕು. ಬಾಗಲಕೋಟೆಯವರು ಅದೇ ದಾರಿಯನ್ನು ಹುನಗುಂದದ ಹತ್ತಿರ ಸೇರಬಹುದು. ಗಂಟೆಗೆ 50 ಕಿ.ಮೀ. ಮೀರದಂತೆ, ಬ್ರೇಕು ಮೆಲ್ಲಗೆ ಹಾಕುವ ಚಾಲಕ ಸಿಕ್ಕರೆ ಕುದುರೆ ಅರ್ಧ ಗೆದ್ದ ಹಾಗೆ. ನಿಲುಗಡೆ ಸೇರಿ 12–13 ಗಂಟೆ ಹಿಡಿಯುತ್ತದೆ. ಸಂಜೆ ಹೊರಟು ಬೆಳಿಗ್ಗೆ ತಲುಪುವ ಹಾಗೆ ಹಾಕಿಕೊಳ್ಳಿ. ಸ್ಪರ್ಧೆಗೆ ಎರಡು ದಿನ ಮೊದಲು ಅಲ್ಲಿರಬೇಕು.

ಲಾರಿಯ ತಳಕ್ಕೆ ರಬ್ಬರ್ ಚಾಪೆ, ಅದರ ಮೇಲೆ ನೀರು ಚಿಮುಕಿಸಿದ ಕಟ್ಟಿಗೆ ಹೊಟ್ಟು. ಕುದುರೆಗಳ ನಡುವೆ ಗೋಣಿ ಸುತ್ತಿದ ಅಡ್ಡಗಳ. ನಾಲ್ಕೂ ಕಾಲಿಗೆ ಹತ್ತಿ ಇಟ್ಟು ಪಟ್ಟಿ. ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಲ್ಲಿ ಕಟ್ಟಿ. ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟುವುದೇ ದೊಡ್ಡ ತಪ್ಪು: ಕುದುರೆ ತಲೆ ತಗ್ಗಿಸಿದಾಗ ಮಾತ್ರ ಶ್ವಾಸನಾಳದ ಕಫ, ಧೂಳು ಹೊರಗೆ ಬರುತ್ತದೆ. ಹತ್ತು ಹನ್ನೆರಡು ಗಂಟೆ ತಲೆ ಮೇಲೇ ಇದ್ದರೆ ಎರಡನೇ ದಿನಕ್ಕೆ ಜ್ವರ, ಮೂರನೇ ದಿನಕ್ಕೆ ನ್ಯುಮೋನಿಯಾ. ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ, ಹಗ್ಗ ಸಡಿಲಿಸಿ, ನೆಲಮಟ್ಟದಲ್ಲಿ ಹುಲ್ಲು ತೋರಿಸಿ, ನೀರು ಕುಡಿಸಿ. ದಾವಣಗೆರೆ ಹೆಚ್ಚುಕಡಿಮೆ ನಡುದಾರಿ. ಬೆಳಗಾವಿಯಿಂದ ಹೋದವರು ಅಲ್ಲಿ ಅರ್ಧ ಗಂಟೆ ಹೆಚ್ಚೇ ನಿಲ್ಲಿ. ಹೊಸ ಜಾಗದ ನೀರನ್ನು ಕೆಲವು ಕುದುರೆ ಮೂಸಿ ಬಿಡುತ್ತವೆ. ಮನೆಯಲ್ಲಿಯೇ ಒಂದು ವಾರ ನೀರಿಗೆ ಚೂರು ಬೆಲ್ಲ ಹಾಕಿ ರೂಢಿ ಮಾಡಿಸಿದ್ದರೆ ಅಲ್ಲಿಯೂ ಅದೇ ರುಚಿಗೆ ಕುಡಿಯುತ್ತವೆ. ಪ್ರಯಾಣದ ದಿನ ಕಾಳು ಬೇಡ.

ಇಳಿಸಿದ ಮೇಲೆ ತಾಪಮಾನ ನೋಡಿ. 37.2ರಿಂದ 38.3 ಡಿಗ್ರಿ ಸೆಲ್ಸಿಯಸ್ ಸರಿ. ನಿಂತಾಗಿನ ನಾಡಿ ನಿಮಿಷಕ್ಕೆ 28–44, ಉಸಿರು 8–16. ಇದಕ್ಕಿಂತ ಹೆಚ್ಚಿದ್ದು ಒಂದು ಗಂಟೆಯಲ್ಲಿ ಇಳಿಯದಿದ್ದರೆ ಮೀಸಲು ಕುದುರೆಯನ್ನು ತಯಾರು ಮಾಡಿ.

ಕೋರ್ಸ್ ನಡೆದು ನೋಡುವುದು

ತಂಡದ ಅರ್ಧ ಕೆಲಸ ಇಲ್ಲೇ ಆಗುವುದು. ಕುದುರೆಯ ಒಂದು ಕ್ಯಾಂಟರ್ ಹೆಜ್ಜೆ ಸುಮಾರು 3.65 ಮೀಟರ್. ನಿಮ್ಮ ಹೆಜ್ಜೆ 91 ಸೆಂ.ಮೀ. ಇದ್ದರೆ ನಿಮ್ಮ ನಾಲ್ಕು ಕುದುರೆಯ ಒಂದಕ್ಕೆ ಸಮ. ಮನೆಯ ಅಂಗಳದಲ್ಲಿ 9.1 ಮೀಟರ್ ಗೆರೆ ಎಳೆದು, ಸರಿಯಾಗಿ ಹತ್ತು ಹೆಜ್ಜೆಗೆ ಮುಗಿಯುವ ತನಕ ನಡೆದು ಕಲಿಯಿರಿ. ಬೂಟು ಹಾಕಿಕೊಂಡೇ.

ಮೂರನೇ ಅಡೆತಡೆ ವರ್ಟಿಕಲ್, ನಾಲ್ಕನೆಯದು ಆಕ್ಸರ್ ಎಂದುಕೊಳ್ಳಿ. ಮೂರನೆಯದರ ಬುಡಕ್ಕೆ ಬೆನ್ನು ತಾಗಿಸಿ ನಿಂತು ಹೊರಡಿ. ಮೊದಲ ಎರಡು ಹೆಜ್ಜೆ ಕುದುರೆ ನೆಲಕ್ಕಿಳಿಯುವ ಜಾಗ, ಕೊನೆಯ ಎರಡು ಹೆಜ್ಜೆ ಮತ್ತೆ ನೆಗೆಯುವ ಜಾಗ. ಒಟ್ಟು 20 ಹೆಜ್ಜೆ ಬಂದರೆ ನಡುವೆ ಉಳಿದದ್ದು 16, ಅಂದರೆ ಸರಿಯಾಗಿ ನಾಲ್ಕು ಕ್ಯಾಂಟರ್ ಹೆಜ್ಜೆ. 22 ಬಂದರೆ? ನಾಲ್ಕೂವರೆ. ಕೋರ್ಸ್ ಕಟ್ಟಿದವರು ಬೇಕೆಂದೇ ಇಟ್ಟ ಪ್ರಶ್ನೆ ಅದು. ಉದ್ದ ಹೆಜ್ಜೆಯ ಥರೋಬ್ರೆಡ್ ಮುಂದೆ ಸಾಗಿ ನಾಲ್ಕರಲ್ಲಿ ಮುಗಿಸಲಿ. ಗಿಡ್ಡ ಹೆಜ್ಜೆಯ ಕುದುರೆ ಕಾಯ್ದು ಐದು ಹಾಕಲಿ. ಸವಾರ ಎರಡರ ನಡುವೆ ತೂಗಾಡಿದರೆ ಕುದುರೆ ಅರ್ಧ ಹೆಜ್ಜೆಯಲ್ಲಿ ಸಿಕ್ಕಿಕೊಂಡು, ಒಂದೋ ದೂರದಿಂದ ನೆಗೆದು ಹಿಂದಿನ ಕೋಲು ಬೀಳಿಸುತ್ತದೆ, ಇಲ್ಲವೇ ಬುಡಕ್ಕೆ ಹೋಗಿ ನಿಲ್ಲುತ್ತದೆ. ನಾಲ್ವರೂ ಒಟ್ಟಿಗೆ ನಡೆದರೂ ಉತ್ತರ ನಾಲ್ಕು ಬೇರೆ ಬೇರೆ ಇರಬಹುದು. ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಬಾಯಿಬಿಟ್ಟು ಹೇಳಲಿ, ಮ್ಯಾನೇಜರ್ ಬರೆದುಕೊಳ್ಳಲಿ.

ನೆಲದ ಏರಿಳಿತ, ಸೂರ್ಯ ಯಾವ ಕಡೆ, ಗೇಟು ಎಲ್ಲಿ ಎಂಬುದನ್ನೂ ನೋಡಿ. ಏರಿನಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ, ಇಳಿಜಾರಿನಲ್ಲಿ ಉದ್ದ. ಗೇಟಿನ ಕಡೆಗೆ ಓಡುವಾಗ ಎಲ್ಲ ಕುದುರೆಯೂ ಉದ್ದ ಹೆಜ್ಜೆ ಹಾಕುತ್ತದೆ. ಸಮಯದ ಲೆಕ್ಕ ಸರಳ: ಕೋರ್ಸ್ 420 ಮೀಟರ್, ವೇಗ ನಿಮಿಷಕ್ಕೆ 350 ಮೀಟರ್ ಎಂದು ಹಾಕಿದ್ದರೆ ನಿಗದಿತ ಸಮಯ 72 ಸೆಕೆಂಡ್. ಅದನ್ನು ಉಳಿಸಬೇಕಾದದ್ದು ತಿರುವಿನಲ್ಲಿ, ಓಟದಲ್ಲಲ್ಲ.

ಸರದಿ ಮತ್ತು ವಾರ್ಮ್‌ಅಪ್

ಮೊದಲ ಸವಾರನಾಗಿ ತಂಡದ ಅತ್ಯಂತ ನಂಬಿಕಸ್ಥ ಜೋಡಿಯನ್ನು ಕಳಿಸಿ. ಅವರು ತಂದ ಸುದ್ದಿಯ ಮೇಲೆ ಉಳಿದ ಮೂವರು ಯೋಚನೆ ತಿದ್ದಿಕೊಳ್ಳುತ್ತಾರೆ. ಹೊಸ ಕುದುರೆಯನ್ನು ಎರಡನೆಯದಾಗಿ ಕಳಿಸಿದರೆ ಅದು ಕೆಟ್ಟರೂ ಹಿಂದೆ ಇಬ್ಬರಿದ್ದಾರೆ. ಒತ್ತಡ ತಡೆಯುವ ಸವಾರ ಕೊನೆಗೆ. ಅವನು ಹೋಗುವಾಗ ಎಷ್ಟು ಪೆನಾಲ್ಟಿ ಮೀರಬಾರದು ಎಂಬುದು ಗೊತ್ತಿರುತ್ತದೆ. ಹಾಗೆಂದು ಅದನ್ನು ಅವನ ಕಿವಿಗೆ ಹಾಕಲೇಬೇಕೆಂದಿಲ್ಲ. ಲೆಕ್ಕ ಕೇಳಿದರೆ ಬಿಗಿಯುವ ಸವಾರನಿಗೆ ಹೇಳಬೇಡಿ. ಎರಡು ತಂಡ ಸಮವಾದರೆ ಜಂಪ್ ಆಫ್‌ಗೆ ತಂಡಕ್ಕೊಬ್ಬರು. ಅದು ಯಾರೆಂಬುದು ಹಿಂದಿನ ರಾತ್ರಿಯೇ ತೀರ್ಮಾನವಾಗಿರಲಿ.

ವಾರ್ಮ್‌ಅಪ್ 30 ನಿಮಿಷ: ಹತ್ತು ನಡಿಗೆ, ಹತ್ತು ಟ್ರಾಟ್ ಮತ್ತು ಕ್ಯಾಂಟರ್, ಉಳಿದದ್ದರಲ್ಲಿ ಎಂಟು ಹತ್ತು ನೆಗೆತ. ಕೆಂಪು ಬಾವುಟ ಬಲಕ್ಕೆ, ಬಿಳಿ ಎಡಕ್ಕೆ ಇರುವಂತೆ ಒಂದೇ ದಿಕ್ಕಿನಿಂದ ಹಾರಿಸಬೇಕು. ಸ್ಪರ್ಧೆಯ ಎತ್ತರ 1.40 ಮೀಟರ್ ಅಥವಾ ಕಡಿಮೆ ಇದ್ದಾಗ ವಾರ್ಮ್‌ಅಪ್‌ನಲ್ಲಿ ಆ ಎತ್ತರಕ್ಕಿಂತ 10 ಸೆಂ.ಮೀ.ಗೂ ಹೆಚ್ಚು ಏರಿಸುವಂತಿಲ್ಲ. ಕೊನೆಯ ನೆಗೆತ ಸುಲಭದ್ದಾಗಿರಲಿ, ಚೆನ್ನಾಗಿ ಹಾರಿತೆಂದು ಇನ್ನೊಂದು ಹಾರಿಸುವ ಆಸೆ ಬೇಡ.

ಒಳಗೆ ಹೋದ ಮೇಲೆ

ತೀರ್ಪುಗಾರರಿಗೆ ವಂದನೆ. ಗಂಟೆ ಬಾರಿಸಿದ ಮೇಲೆ 45 ಸೆಕೆಂಡ್ ಇರುತ್ತದೆ. ಅಷ್ಟರಲ್ಲಿ ಆರಂಭದ ಗೆರೆ ದಾಟದಿದ್ದರೆ ಸಮಯ ತಾನೇ ಓಡಲು ಶುರು. ಗಂಟೆಗೆ ಮೊದಲೇ ಹೊರಟು ಒಂದನೇ ಅಡೆತಡೆ ಹಾರಿದರೆ ಹೊರಗೆ. ಆ 45 ಸೆಕೆಂಡನ್ನು ಹೆದರುವ ಕುದುರೆಯನ್ನು ಹೂಕುಂಡ, ಹಲಗೆಗಳ ಪಕ್ಕದಲ್ಲಿ ನಿಲ್ಲಿಸದೆ ಸುತ್ತಾಡಿಸಲು ಬಳಸಿ.

ಎರಡು ಮೂರು ಅಡೆತಡೆಗಳ ಕಾಂಬಿನೇಶನ್‌ನಲ್ಲಿ ಎರಡನೆಯದರ ಮುಂದೆ ನಿಂತರೆ ಮೊದಲನೆಯದರಿಂದಲೇ ಮತ್ತೆ ಹಾರಬೇಕು. ಇದನ್ನು ಮರೆತು ಎರಡನೆಯದನ್ನಷ್ಟೇ ಹಾರಿದವರು ಹೊರಗೆ ಹೋಗುತ್ತಾರೆ. ನಿಲ್ಲುವಾಗ ಕೋಲು ಬಿದ್ದರೆ ಗಂಟೆ ಬಾರಿಸಿ ಗಡಿಯಾರ ನಿಲ್ಲಿಸುತ್ತಾರೆ, ಸಮಯಕ್ಕೆ 6 ಸೆಕೆಂಡ್ ಕೂಡಿಸುತ್ತಾರೆ. ಮತ್ತೆ ಗಂಟೆ ಬಾರಿಸುವ ತನಕ ಕಾಯಿರಿ.

ಕೋಲು ಬಿದ್ದ ರೀತಿಯಿಂದ ಕಾರಣ ಹಿಡಿಯಬಹುದು. ಮುಂಗಾಲಿಗೆ ಬಿದ್ದರೆ ಕುದುರೆ ಬುಡಕ್ಕೆ ತೀರಾ ಹತ್ತಿರ ಹೋಗಿದೆ ಅಥವಾ ಸವಾರ ಕುದುರೆಗಿಂತ ಮೊದಲೇ ಮುಂದೆ ಬಾಗಿ ಮುಂಗಾಲಿನ ಮೇಲೆ ಭಾರ ಹಾಕಿದ್ದಾನೆ. ಹಿಂಗಾಲಿಗೆ ಬಿದ್ದರೆ ವೇಗ ಹೆಚ್ಚಾಗಿ ನೆಗೆತ ಚಪ್ಪಟೆಯಾಗಿದೆ, ಇಲ್ಲವೇ ಗಾಳಿಯಲ್ಲಿರುವಾಗಲೇ ಸವಾರ ಜೀನಿಗೆ ಕುಕ್ಕಿ ಕೂತಿದ್ದಾನೆ. ಎಡಕ್ಕೆ ಜಾರಿಕೊಳ್ಳುವ ಕುದುರೆಯನ್ನು ಬಲಕ್ಕೆ ತಿರುಗಿಸಿ ಮತ್ತೆ ತನ್ನಿ. ತಾನು ಜಾರಿದ ಕಡೆಗೇ ಸುತ್ತಲು ಬಿಟ್ಟರೆ ಗೆದ್ದೆನೆಂದುಕೊಳ್ಳುತ್ತದೆ. ಚಾಟಿ 75 ಸೆಂ.ಮೀ.ಗಿಂತ ಉದ್ದ ಇರಬಾರದು. ಸೋತ ಸಿಟ್ಟಿನಲ್ಲಿ ಬೀಸಿದ ಒಂದು ಏಟು ತೀರ್ಪುಗಾರರ ಕಣ್ಣಿಗೆ ಬಿದ್ದರೆ ಸವಾರ ಅನರ್ಹ, ಹಾಗೆ ಆಗುವುದೇ ಸರಿ ಕೂಡ.

ಸುತ್ತು ಮುಗಿದ ಮೇಲೆ

ಹೊರಗೆ ಬಂದೊಡನೆ ಜೀನು ಸಡಿಲಿಸಿ ನಡೆಸಿ. ಬಿಸಿಯಾದ ಕುದುರೆಗೆ ತಣ್ಣೀರು ಹಾಕಿದರೆ ಸ್ನಾಯು ಹಿಡಿದುಕೊಳ್ಳುತ್ತದೆ ಎಂಬ ನಂಬಿಕೆ ನಮ್ಮ ಲಾಯಗಳಲ್ಲಿ ಇನ್ನೂ ಇದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುನ್ನ ನಡೆದ ಅಧ್ಯಯನಗಳು ಅದು ತಪ್ಪೆಂದು ತೋರಿಸಿವೆ. ಕುತ್ತಿಗೆ, ಎದೆ, ತೊಡೆಯ ಮೇಲೆ ತಣ್ಣೀರು ಸುರಿಯುತ್ತಲೇ ಇರಿ, ನಡುನಡುವೆ ನಡೆಸಿ. ಹದಿನೈದು ನಿಮಿಷದಲ್ಲಿ ನಾಡಿ 64ಕ್ಕಿಂತ ಕೆಳಗೆ ಬರಬೇಕು. ಕುಡಿಯಲು ನೀರನ್ನೂ ಕೊಡಿ, ತಡೆಯಬೇಡಿ. ಕಾಳು ಮಾತ್ರ ಒಂದೂವರೆ ಗಂಟೆ ಬಿಟ್ಟು.

ಊರಿಗೆ ಮರಳಿದ ಕುದುರೆಗಳನ್ನು ಲಾಯದ ಬೇರೆ ಕುದುರೆಗಳ ಜೊತೆ ಕಟ್ಟಬೇಡಿ. 14 ದಿನ ಬೇರೆ ಜಾಗ, ಬೇರೆ ಬಕೆಟ್, ಬೇರೆ ಬ್ರಷ್, ಸಾಧ್ಯವಾದರೆ ಬೇರೆ ಸೈಸ್. ಒಬ್ಬರೇ ಇದ್ದರೆ ಮನೆಯ ಕುದುರೆಗಳ ಕೆಲಸ ಮೊದಲು, ಮರಳಿ ಬಂದವುಗಳದ್ದು ಕೊನೆಗೆ. ಬೆಳಿಗ್ಗೆ ಸಂಜೆ ತಾಪಮಾನ ಬರೆದಿಡಿ. ಮೂಗಿನಿಂದ ಅಂಟು ಸೋರಿದರೆ, 38.5 ದಾಟಿದರೆ ಅದೇ ದಿನ ಪಶುವೈದ್ಯರಿಗೆ ಹೇಳಿ, ಕೈಗವಸು ಇಲ್ಲದೆ ಮುಟ್ಟಬೇಡಿ. ಮೊದಲ ಮೂರು ದಿನ ಕೈಯಲ್ಲಿ ಹಿಡಿದು ನಡೆಸುವುದಷ್ಟೇ, ನಾಲ್ಕನೇ ದಿನದಿಂದ ಹಗುರ ಸವಾರಿ. ಮುಂದಿನ ನೆಗೆತ ಹತ್ತು ದಿನ ಕಳೆದ ಮೇಲೆ, ಅದೂ 60 ಸೆಂ.ಮೀ. ಗ್ರಿಡ್‌ನಿಂದ.